ಡಬ್ಬಿಯಲ್ಲಿ ನಿಮ್ಮ ಗುರುತು ಬಿಡಿ, ಬದಲಿಗೆ ಏನೂ ತಗೋಬೇಡಿ

ಸಂಪಾದಕರಿಗೆ ನಮಸ್ಕಾರ,

ನಾನು ತಿಪಟೂರಿನವಳು, ಮದುವೆ ಆಗಿ ಬಂದು ಹದಿನಾಲ್ಕು ವರ್ಷದಿಂದ ಅಮೆರಿಕದ ಓರೆಗಾನ್ ರಾಜ್ಯದಲ್ಲಿ ಪೋರ್ಟ್‌ಲ್ಯಾಂಡ್ ಹತ್ರ ಇದೀನಿ, ನಿಮ್ಮ ಪೇಪರನ್ನ ದಿನಾ ರಾತ್ರಿ ಮಲಗೋ ಮುಂಚೆ ಫೋನಲ್ಲಿ ಓದ್ತೀನಿ, ಅಷ್ಟೊತ್ತಿಗೆ ನಿಮಗೆ ಬೆಳಗಾಗಿರುತ್ತೆ. ಇಷ್ಟು ವರ್ಷ ಬರೀ ಓದಿದ್ದೇ ಆಯ್ತು, ಬರೀತಿರೋದು ಇದೇ ಮೊದಲು. ಯಾಕೆ ಬರೀತಿದೀನಿ ಅಂದ್ರೆ ಬೇಸಿಗೆ ರಜಾ ಬಂತು, ಅಲ್ಲಿಂದ ಅಜ್ಜ ಅಜ್ಜಿಯರು ಇಲ್ಲಿಗೆ ಬರ್ತಾರೆ, ಇಲ್ಲಿಂದ ಮಕ್ಕಳು ಅಲ್ಲಿಗೆ ಹೋಗ್ತಾರೆ, ಸೂಟ್‌ಕೇಸಲ್ಲಿ ಚಟ್ನಿಪುಡಿ ಹಪ್ಪಳ ಸಂಡಿಗೆ ಜೊತೆ ಈಗ ಇನ್ನೊಂದು ಐಟಂ ಸೇರ್ಕೊಂಡಿದೆ. "ಅಜ್ಜೀ, ಕಾಡಲ್ಲಿರೋ ಡಬ್ಬಿಗೆ ಹಾಕೋಕೆ ಸಣ್ಣದು ಏನಾದ್ರೂ ಒಂದೈವತ್ತು ತಗೊಂಬಾ" ಅಂತ ಮೊಮ್ಮಕ್ಕಳು ಫೋನಲ್ಲಿ ಕೇಳ್ತಾವೆ, ಅಜ್ಜಿಗೆ ಯಾವ ಕಾಡು ಯಾವ ಡಬ್ಬಿ ಒಂದೂ ಗೊತ್ತಿರಲ್ಲ, ಪಾಪ ಪ್ರೀತಿಯಿಂದ ಕೈಗೆ ಸಿಕ್ಕಿದ್ದನ್ನ ಕಟ್ಟಿ ಕೊಡ್ತಾರೆ. ಹಾಗೆ ಬಂದ ವಸ್ತುಗಳು ಇಲ್ಲಿನ ಕಾಡಿನ ಡಬ್ಬಿಗಳಲ್ಲಿ ಏನಾಗ್ತಿವೆ ಅಂತ ನಾನು ಕಣ್ಣಾರೆ ನೋಡಿದೀನಿ, ಅದಕ್ಕೇ ಈ ಪತ್ರ.

ಮೊದಲು ಆಟ ಏನು ಅಂತ ಹೇಳ್ಬಿಡ್ತೀನಿ. ಇದಕ್ಕೆ ಜಿಯೋಕ್ಯಾಶಿಂಗ್ ಅಂತಾರೆ, ದುಡ್ಡಿನ ಕ್ಯಾಶ್ ಅಂದ್ಕೋಬೇಡಿ, ಇದು ಬಚ್ಚಿಟ್ಟ ಡಬ್ಬಿ ಅನ್ನೋ ಅರ್ಥದ್ದು. ಒಬ್ಬರು ಒಂದು ಡಬ್ಬಿನ ಎಲ್ಲೋ ಮರದ ಬುಡದಲ್ಲೋ ಕಲ್ಲಿನ ಸಂದೀಲೋ ಇಟ್ಟು ಅದರ ಅಕ್ಷಾಂಶ ರೇಖಾಂಶನ ಆ್ಯಪಲ್ಲಿ ಹಾಕ್ತಾರೆ, ಉಳಿದವರು ಫೋನ್ ಹಿಡ್ಕೊಂಡು ಹುಡುಕ್ತಾ ಹೋಗ್ತಾರೆ, ಸಿಕ್ಕಿದ ಮೇಲೆ ಒಳಗಿರೋ ಲಾಗ್‌ಬುಕ್ಕಲ್ಲಿ ತಮ್ಮ ಆಟದ ಹೆಸರು ತಾರೀಖು ಬರೆದು, ಡಬ್ಬಿನ ಹೆಂಗಿತ್ತೋ ಹಂಗೇ ಮುಚ್ಚಿಟ್ಟು ಬರ್ತಾರೆ. ಅಷ್ಟೇ ಆಟ. ಇದು ಹುಟ್ಟಿದ್ದು ನಮ್ಮ ರಾಜ್ಯದಲ್ಲೇ, ಅಂದ್ರೆ ಓರೆಗಾನಲ್ಲಿ. ಅಮೆರಿಕ ಸರ್ಕಾರ ಜಿಪಿಎಸ್ ಸಿಗ್ನಲ್‌ನ ಸಾಮಾನ್ಯ ಜನರಿಗೆ ಬೇಕಂತಲೇ ಮಸುಕು ಮಾಡಿ ಕೊಡ್ತಿತ್ತು, ಜಾಗ ತೋರ್ಸಿದ್ರೆ ನೂರು ಮೀಟರ್ ಆಚೀಚೆ ಆಗ್ತಿತ್ತಂತೆ, 2000ನೇ ಇಸವಿ ಮೇ 2ಕ್ಕೆ ಆ ಮಸುಕನ್ನ ತೆಗೆದುಹಾಕಿದ್ರು. ಮಾರನೇ ದಿನವೇ, ಮೇ 3ಕ್ಕೆ, ಡೇವ್ ಅಲ್ಮರ್ ಅನ್ನೋರು ಬೀವರ್‌ಕ್ರೀಕ್ ಅನ್ನೋ ಊರಿನ ಹತ್ರ ಕಾಡಂಚಲ್ಲಿ ಒಂದು ಕಪ್ಪು ಪ್ಲಾಸ್ಟಿಕ್ ಬಕೆಟ್ ಇಟ್ಟು ಅದರ ಜಾಗನ ಇಂಟರ್ನೆಟ್ಟಲ್ಲಿ ಹಾಕಿದ್ರು, ಒಳಗೆ ಒಂದು ಪುಸ್ತಕ ಪೆನ್ಸಿಲ್ಲು, ಒಂದಷ್ಟು ಸಾಮಾನು, ಒಂದು ಕವಣೆ, ಒಂದು ಬೀನ್ಸ್ ಡಬ್ಬ. ಅವರು ಹೇಳಿದ್ದ ನಿಯಮ ಒಂದೇ, ಏನಾದ್ರೂ ತಗೊಳ್ಳಿ ಏನಾದ್ರೂ ಇಡಿ. ಮೂರು ದಿನದೊಳಗೆ ಮೈಕ್ ಟೀಗ್ ಅನ್ನೋರು ಅದನ್ನ ಹುಡುಕಿದ್ರು. ಈಗ ಆ ಜಾಗದಲ್ಲಿ ಒಂದು ಫಲಕ ಇದೆ, ನಮ್ಮನೆಯಿಂದ ಕಾರಲ್ಲಿ ಒಂದು ಗಂಟೆ ದಾರಿ, ಊರಿಂದ ಯಾರೇ ಬಂದ್ರೂ ಜಲಪಾತ ತೋರ್ಸಿದ ಹಾಗೆ ಅದನ್ನೂ ತೋರ್ಸ್ಕೊಂಡು ಬರ್ತೀನಿ, ಬಹಳ ಜನಕ್ಕೆ ರಸ್ತೆ ಪಕ್ಕದ ಒಂದು ಕಲ್ಲಲ್ಲಿ ಏನಿದೆ ಅನ್ಸುತ್ತೆ, ನನಗೆ ಮಾತ್ರ ಪ್ರತಿ ಸಲ ಖುಷಿ ಆಗುತ್ತೆ. ಈಗ ಪ್ರಪಂಚದಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಡಬ್ಬಿಗಳಿವೆ.

ಇನ್ನು ನಾನು ಹೇಳ್ಬೇಕಾದ ವಿಷಯ, ಸಿಗ್ನೇಚರ್ ಐಟಂ. ಅಂದ್ರೆ ಆಡೋರು ತಮ್ಮದೇ ಗುರುತು ಅಂತ ಒಂದು ಸಣ್ಣ ವಸ್ತು ಇಟ್ಕೊಂಡಿರ್ತಾರೆ, ಹೋದ ಡಬ್ಬಿಯಲ್ಲೆಲ್ಲ ಒಂದೊಂದು ಬಿಟ್ಟು ಬರ್ತಾರೆ. ಕೆಲವರು ತಮ್ಮ ಆಟದ ಹೆಸರು ಸುಟ್ಟು ಬರೆಸಿದ ಮರದ ಬಿಲ್ಲೆ, ಕೆಲವರು ಬಣ್ಣ ಬಳಿದ ಬೆಣಚುಕಲ್ಲು, ಕೆಲವರು ಮಣಿ ಪೋಣಿಸಿದ ಕೀಚೈನು, ಬಟ್ಟೆ ಪಿನ್ನು, ಕಾಗದ ಮಡಚಿ ಮಾಡಿದ ಕೊಕ್ಕರೆ. ಸಿಯಾಟಲ್ ಕಡೆಯ ಜಾನ್ ಸ್ಟ್ಯಾನ್ಲಿ ಅನ್ನೋ ಆಟಗಾರರು 2001ರಲ್ಲಿ ತಮ್ಮ ಹೆಸರಿರೋ ಲೋಹದ ನಾಣ್ಯವನ್ನೇ ಮಾಡಿಸಿ ಡಬ್ಬಿಗಳಲ್ಲಿ ಬಿಡೋಕೆ ಶುರು ಮಾಡಿದ್ರು, ಈಗ ಜಿಯೋಕಾಯಿನ್ ಅಂತ ಲೋಕಪ್ರಸಿದ್ಧ ಆಗಿರೋದರ ಮೂಲ ಅದೇ. ಜೆಕ್ ದೇಶದವರು ಜರ್ಮನಿಯವರು ಮರದ ಬಿಲ್ಲೆ ಅಂದ್ರೆ ಜೀವ ಬಿಡ್ತಾರೆ, ಮ್ಯೂನಿಕ್‌ನಲ್ಲಿರೋ ನನ್ನ ಕಾಲೇಜ್ ಫ್ರೆಂಡ್ ಹತ್ರ ಒಂದು ಡ್ರಾಯರ್ ತುಂಬಾ ಇವೆ. ಒಟ್ಟಲ್ಲಿ ನಾನು ಬಂದಿದ್ದೆ, ನೀವೂ ಇಲ್ಲೇ ಬಂದ್ರಿ, ನಿಮಗೆ ಇದು ಅಂತ ಹೇಳೋದು. ಮುಖ ನೋಡದೇ ಇರೋರಿಗೆ ಕೊಡೋ ಉಡುಗೊರೆ. ಬಹಳ ಚಂದದ ಪದ್ಧತಿ, ಅದನ್ನ ನಿಲ್ಲಿಸಿ ಅಂತ ನಾನು ಖಂಡಿತ ಹೇಳ್ತಿಲ್ಲ.

ನನ್ನ ಮೊದಲ ಸಿಗ್ನೇಚರ್ ಐಟಂ ಏನಾಗಿತ್ತು ಗೊತ್ತಾ, ಗಂಧದಕಡ್ಡಿ. ನಮ್ಮ ಕಡೆಯ ಗುರುತು ಅಂದ್ರೆ ಗಂಧ ತಾನೇ ಅಂತ ಐದೈದು ಕಡ್ಡಿ ಸೇರಿಸಿ ಅರಿಶಿನ ಕೆಂಪು ದಾರ ಕಟ್ಟಿ, ಜೊತೆಗೊಂದು ಚೀಟಿ, ಹಾಗೆ ಮೂವತ್ತು ಕಟ್ಟು ಮಾಡಿ ಒಂದು ಬೇಸಿಗೆ ಪೂರ್ತಿ ಡಬ್ಬಿಗಳಿಗೆ ಹಂಚಿದ್ದೆ. ನನಗೆ ಎಷ್ಟು ಹೆಮ್ಮೆ ಇತ್ತು ಅಂದ್ರೆ ಪ್ರತಿ ಕಟ್ಟಿನ ಫೋಟೋ ತೆಗೆದು ನಮ್ಮಮ್ಮನಿಗೆ ಕಳಿಸ್ತಿದ್ದೆ. ಎರಡು ತಿಂಗಳಾದ ಮೇಲೆ ಒಂದು ಡಬ್ಬಿಯ ಓನರ್ ಆ್ಯಪಲ್ಲಿ ಮೆಸೇಜ್ ಮಾಡಿದ್ರು, ರಿಟೈರಾದ ಹಿರಿಯರು, ಸಿಟ್ಟೇನಿರಲಿಲ್ಲ, ಒಂದ್ಸಲ ಬಂದು ನೋಡಿ ಹೋಗ್ತೀರಾ ಅಂತ ಕೇಳಿದ್ರು ಅಷ್ಟೇ. ಶನಿವಾರ ಹೋದೆ. ಅದು ನಾಲ್ಕು ಕಡೆ ಚಿಲಕ ಇರೋ ಅಡುಗೆಮನೆ ಪ್ಲಾಸ್ಟಿಕ್ ಡಬ್ಬಿ, ಮುಚ್ಚಳದ ಒಂದು ಮೂಲೆನ ಇಲಿ ಹೆಗ್ಗಣದ ತರದ್ದೇನೋ ಕಡಿದು ಕಡಿದು ಕೊಬ್ಬರಿ ತುರಿದ ಹಾಗೆ ಮಾಡಿತ್ತು, ಪ್ಲಾಸ್ಟಿಕ್ ತುರಿ ಸುತ್ತ ಪಾಚಿ ಮೇಲೆ ಬಿಳಿ ಬಿಳಿ ಬಿದ್ದಿತ್ತು. ಆ ತೂತಿಂದ ಮಳೆ ನೀರು ಒಳಗೆ ಹೋಗಿ ಲಾಗ್‌ಬುಕ್ ಉಬ್ಬಿ ಹಾಳೆಗಳು ಒಂದಕ್ಕೊಂದು ಅಂಟಿ ಹೋಗಿದ್ವು, ಒಳಗೆ ಮೂಸಿದ್ರೆ ನಮ್ಮ ದೇವರಮನೆ ವಾಸನೆ. ಏಳು ವರ್ಷದ ಲಾಗ್‌ಬುಕ್ ಅದು, ಯಾರ್‍ಯಾರೋ ಬಂದು ಬರೆದಿದ್ದು, ಪುಟ್ಟ ಮಕ್ಕಳು ತಮ್ಮ ಹೆಸರನ್ನ ಉಲ್ಟಾ ಪಲ್ಟಾ ಬರೆದಿದ್ದು, ಒಂದು ಹಾಳೆ ಬಿಡಿಸೋಕೆ ಹೋದ್ರೆ ಪಕ್ಕದ ಹಾಳೆ ಹರಿದು ಬರ್ತಿತ್ತು. ಆ ಹಿರಿಯರು ನನ್ನ ಮುಖ ನೋಡಿ, ಬೇಜಾರ್ ಮಾಡ್ಕೋಬೇಡಮ್ಮ ಅನ್ನೋ ಹಾಗೆ ಭುಜ ತಟ್ಟಿ, ಕಾಡಿನ ಪ್ರಾಣಿಗೆ ಪರಿಮಳ ಅಂದ್ರೆ ಊಟ, ಸೋಪು ಕ್ಯಾಂಡಲ್ ಚಾಕಲೇಟು ಯಾವುದಾದ್ರೂ ಅಷ್ಟೇ ಅಂತ ವಿವರಿಸಿದ್ರು. ಊಟದ ಪದಾರ್ಥ ಹಾಕಬಾರದು ಅನ್ನೋದು ಆಟದ ನಿಯಮದಲ್ಲೇ ಇದೆ, ಮೊಟ್ಟಮೊದಲ ಬಕೆಟ್‌ನಲ್ಲಿ ಬೀನ್ಸ್ ಡಬ್ಬ ಇದ್ದಿದ್ದು ನಿಜ, ಅಲ್ಲಿಂದ ಇಲ್ಲಿಗೆ ಜನ ಅನುಭವದಿಂದ ಕಲಿತ್ರು. ನಾನು ಊಟ ತಾನೇ ಬೇಡ ಅಂದಿರೋದು, ಗಂಧದಕಡ್ಡಿ ಊಟ ಅಲ್ವಲ್ಲ ಅಂದ್ಕೊಂಡಿದ್ದೆ. ಮಾರನೇ ವಾರದಿಂದ ಉಳಿದ ಇಪ್ಪತ್ತೊಂಬತ್ತು ಡಬ್ಬಿಗಳಿಗೂ ವಾಪಸ್ ಹೋಗಿ ಕಟ್ಟುಗಳನ್ನ ತೆಗೀತಾ ಬಂದೆ, ಹನ್ನೊಂದು ಸಿಕ್ಕಿದ್ವು, ಉಳಿದವನ್ನ ಅಷ್ಟೊತ್ತಿಗೆ ಯಾರೋ ತಗೊಂಡು ಹೋಗಿದ್ರು.

ಆ ದಿನ ಆ ಹಿರಿಯರ ಜೊತೆ ಹೊಸ ಡಬ್ಬಿ ಇಡೋವಾಗ ಇನ್ನೊಂದು ಮಾತು ಬಂತು, ನನಗೆ ಅದೇ ಮುಖ್ಯ. ಹಳೇ ಡಬ್ಬಿಯಲ್ಲಿದ್ದ ಸಾಮಾನನ್ನ ಒಂದು ಟವಲ್ ಮೇಲೆ ಹರಡಿದ್ವಿ. ಮರದ ಬಿಲ್ಲೆ ಆರು, ಹೆಸರಿರೋ ಪ್ಲಾಸ್ಟಿಕ್ ಬಿಲ್ಲೆ ಮೂರು, ಲ್ಯಾಮಿನೇಟ್ ಮಾಡಿದ ಕಾರ್ಡು ಎಂಟೋ ಒಂಬತ್ತೋ, ಮನೆ ಮಾರೋ ಏಜೆಂಟ್ ಒಬ್ಬರ ವಿಸಿಟಿಂಗ್ ಕಾರ್ಡು ಎರಡು, ನನ್ನ ಗಂಧದಕಡ್ಡಿ. ಮಗು ಕೈಗೆ ತಗೊಂಡು ಆಡೋ ಅಂಥದ್ದು ಒಂದೂ ಇಲ್ಲ. ಅವರು ಮೊದಲು ಇಟ್ಟಾಗ ಅದರಲ್ಲಿ ಸಣ್ಣ ಕಾರು, ಗೋಲಿ, ಬುಗ್ಗೆ ಚೆಂಡು, ಒಂದು ದಿಕ್ಸೂಚಿ, ಒಂದು ಪುಟ್ಟ ಟಾರ್ಚ್ ಇತ್ತಂತೆ. ಕಾರು ತಗೊಂಡೋರು ಮರದ ಬಿಲ್ಲೆ ಇಟ್ರು, ಟಾರ್ಚ್ ತಗೊಂಡೋರು ಕಾರ್ಡ್ ಇಟ್ರು, ಏನೋ ತಗೊಂಡು ಏನೋ ಇಟ್ಟಿದೀವಲ್ಲ ಲೆಕ್ಕ ಸರಿ ಹೋಯ್ತು ಅಂತ ಎಲ್ಲರೂ ಅಂದ್ಕೊಂಡ್ರು. ಈ ಆಟದಲ್ಲಿ ಹಿಂದಿನಿಂದ ಇರೋ ಮಾತು ಏನಂದ್ರೆ ತಗೊಂಡಷ್ಟೇ ಬೆಲೆಯದ್ದು ಇಡಿ, ಆದ್ರೆ ಇನ್ನೂ ಒಳ್ಳೇದು ಇಡಿ, ಎರಡೂ ಆಗದಿದ್ರೆ ಏನೂ ತಗೊಳ್ಳದೇ ಹೆಸರು ಬರೆದು ಬನ್ನಿ. ಪ್ರಶ್ನೆ ಇರೋದು ನಮ್ಮ ಹೆಸರಿನ ಬಿಲ್ಲೆಗೆ ಬೆಲೆ ಎಷ್ಟು ಅಂತ. ನಮಗೆ ಅದು ಅಮೂಲ್ಯ, ರಾತ್ರಿ ಕೂತು ಕೈಯಾರೆ ಮಾಡಿರ್ತೀವಿ. ಮೂರು ಕಿಲೋಮೀಟರ್ ನಡೆದು ಬಂದ ಐದು ವರ್ಷದ ಮಗುಗೆ ಅದು ಯಾರೋ ಗೊತ್ತಿಲ್ಲದವರ ಹೆಸರು.

ಇದನ್ನ ಒಪ್ಪದೇ ಇರೋರು ಇದಾರೆ, ಅವರ ಮಾತಲ್ಲೂ ಹುರುಳಿದೆ. ಮ್ಯೂನಿಕ್ ಫ್ರೆಂಡ್ ಜೊತೆ ನಾನು ಇದರ ಬಗ್ಗೆ ಒಂದು ಗಂಟೆ ವಾದ ಮಾಡಿದೀನಿ, ಅವಳು ಹೇಳೋದು, ಆಟಿಕೆ ಅಂಗಡಿಯಲ್ಲಿ ಸಿಗುತ್ತೆ ಬಿಲ್ಲೆ ಎಲ್ಲೂ ಸಿಗಲ್ಲ, ಡಬ್ಬಿಯಲ್ಲಿ ನಿಜವಾಗಿ ತಗೊಳ್ಳೋ ಲಾಯಕ್ಕಾಗಿರೋದು ಅದೊಂದೇ, ಚೀನಾ ಪ್ಲಾಸ್ಟಿಕ್ ಯಾರಿಗೆ ಬೇಕು ಅಂತ. ಸಂಗ್ರಹ ಮಾಡೋ ದೊಡ್ಡವರಿಗೆ ಅದು ಸರಿ. ಆದ್ರೆ ಡಬ್ಬಿ ತೆರೆಯೋರೆಲ್ಲ ಸಂಗ್ರಹ ಮಾಡೋರಲ್ಲ.

ನಾನು ಇದನ್ನ ನಮ್ಮಮ್ಮನ ಅಡುಗೆಮನೆ ಲೆಕ್ಕದಲ್ಲಿ ಅರ್ಥ ಮಾಡ್ಕೊಂಡಿದೀನಿ. ತಿಪಟೂರಲ್ಲಿ ಪಕ್ಕದ ಮನೆಯಿಂದ ಡಬ್ಬಿಯಲ್ಲಿ ಒಬ್ಬಟ್ಟೋ ಹುಳಿಯನ್ನವೋ ಬಂದ್ರೆ ಆ ಡಬ್ಬಿನ ಅಮ್ಮ ಯಾವತ್ತೂ ಖಾಲಿ ವಾಪಸ್ ಕಳಿಸಿದ್ದಿಲ್ಲ, ಮನೇಲಿ ಏನೂ ಇಲ್ಲ ಅಂದ್ರೆ ತಳಕ್ಕೆ ಎರಡು ಚಮಚ ಸಕ್ಕರೆ ಆದ್ರೂ ಹಾಕಿ ಕಳಿಸೋರು. ತಗೊಂಡಿದ್ದಕ್ಕೆ ಕೊಡೋದು ಅಂದ್ರೆ ಅದು, ಅವರ ಮನೆಗೆ ಉಪಯೋಗಕ್ಕೆ ಬರೋದನ್ನ ಕೊಡೋದು. ಇನ್ನೊಂದು, ಸಂಕ್ರಾಂತಿ ದಿನ ಎಳ್ಳು ಬೀರೋದು. ಹೊಸ ಲಂಗ ಹಾಕ್ಕೊಂಡು ತಟ್ಟೆ ಹಿಡ್ಕೊಂಡು ಮನೆ ಮನೆಗೆ ಹೋಗಿ ಎಳ್ಳು ಬೆಲ್ಲ ಸಕ್ಕರೆ ಅಚ್ಚು ಕೊಟ್ಟು ಬರ್ತಿದ್ವಿ, ಅವರು ಎಷ್ಟು ಕೊಟ್ರು ನಾವು ಎಷ್ಟು ಕೊಟ್ವಿ ಅಂತ ಯಾರೂ ತೂಕ ಹಾಕಲ್ಲ. ಸಿಗ್ನೇಚರ್ ಐಟಂ ಈ ಎಳ್ಳು ಬೀರೋ ಜಾತಿಗೆ ಸೇರಿದ್ದು. ಸುಮ್ಮನೆ ಕೊಟ್ಟು ಬರೋದು. ಡಬ್ಬಿಯಿಂದ ಕಾರು ತಗೊಂಡ್ರೆ ಅದಕ್ಕೆ ಬದಲು ಚೆಂಡೋ ಗೋಲಿಯೋ ಬೇರೆ ಇಡಿ, ನಿಮ್ಮ ಹೆಸರಿನ ಬಿಲ್ಲೆ ಅದರ ಮೇಲೊಂದು. ಎರಡನ್ನೂ ಕಲಸಿಬಿಟ್ರೆ, ಬಿಲ್ಲೆ ಇಟ್ಟೆ ಕಾರು ತಗೊಂಡೆ ಅಂದ್ರೆ, ಎಳ್ಳು ಬೀರೋಕೆ ಹೋಗಿ ಅವರ ಮನೆ ಬೆಳ್ಳಿ ಲೋಟ ಎತ್ಕೊಂಡು ಬಂದ ಹಾಗೆ ನನಗೆ ಕಾಣುತ್ತೆ. ನನ್ನ ಮಗನಿಗೆ ಇದನ್ನ ಹೀಗೇ ಹೇಳಿಕೊಟ್ಟಿದೀನಿ, ಅವನಿಗೆ ಅರ್ಥ ಆಯ್ತು, ಈಗ ಅವನ ಬ್ಯಾಗಲ್ಲಿ ಎರಡು ಚೀಲ ಇರುತ್ತೆ, ಒಂದು ಬದಲಿ ಇಡೋದಕ್ಕೆ, ಒಂದು ಸುಮ್ಮನೆ ಕೊಡೋದಕ್ಕೆ.

ಮಗನ ಮಾತು ಬಂತು, ಅವನು ಏಳು ವರ್ಷ ಇದ್ದಾಗ ಆದ ಒಂದು ತಪ್ಪನ್ನೂ ಹೇಳ್ಬೇಕು, ಯಾಕಂದ್ರೆ ಊರಿಗೆ ರಜಕ್ಕೆ ಹೋಗೋ ಮಕ್ಕಳಿರೋ ಮನೇಲೆಲ್ಲ ಇದು ಆಗುತ್ತೆ. ಡಬ್ಬಿಯಲ್ಲಿ ಎರಡು ತರದ ಗುರುತಿನ ವಸ್ತು ಇರುತ್ತೆ. ಒಂದು ಈಗ ಹೇಳಿದ್ದು, ತಗೊಂಡೋರದ್ದೇ. ಇನ್ನೊಂದು ಟ್ರ್ಯಾಕಬಲ್, ಅದರ ಮೇಲೆ ಒಂದು ನಂಬರ್ ಕೆತ್ತಿರುತ್ತೆ, ಟ್ರಾವೆಲ್ ಬಗ್ ಅಂತ ಸೈನಿಕರ ಕೊರಳಲ್ಲಿರೋ ಥರದ ತಗಡಿನ ಬಿಲ್ಲೆ, ಇಲ್ಲಾ ಜಿಯೋಕಾಯಿನ್. ಅದಕ್ಕೊಬ್ಬ ಯಜಮಾನ ಇರ್ತಾನೆ, ಅದು ಒಂದು ಡಬ್ಬಿಯಿಂದ ಇನ್ನೊಂದು ಡಬ್ಬಿಗೆ ಪ್ರಯಾಣ ಮಾಡ್ತಿರ್ಬೇಕು, ಎತ್ಕೊಂಡೋರು ಆ್ಯಪಲ್ಲಿ ನಂಬರ್ ಹಾಕಿ ಎತ್ಕೊಂಡೆ ಅಂತ ಬರೀಬೇಕು, ಮುಂದಿನ ಡಬ್ಬಿಯಲ್ಲಿ ಇಟ್ಟಾಗ ಇಟ್ಟೆ ಅಂತ ಬರೀಬೇಕು. ನನ್ನ ಮಗ ಒಂದು ಪುಟ್ಟ ಕರಡಿ ಗೊಂಬೆ ಎತ್ಕೊಂಡಿದ್ದ, ಅದರ ಕಾಲಿಗೆ ಆ ಬಿಲ್ಲೆ ಕಟ್ಟಿತ್ತು, ನಾನು ಗಮನಿಸಲಿಲ್ಲ. ಆ ಕರಡಿ ಬೇಸಿಗೆ ರಜದಲ್ಲಿ ತಿಪಟೂರಿಗೆ ಹೋಗಿ ನಮ್ಮಮ್ಮನ ಶೋಕೇಸಲ್ಲಿ ದಸರಾ ಪಟ್ಟದ ಗೊಂಬೆಗಳ ಪಕ್ಕ ಒಂದೂವರೆ ವರ್ಷ ಕೂತಿತ್ತು. ಅಮ್ಮ ವೀಡಿಯೋ ಕಾಲಲ್ಲಿ ಧೂಳು ಒರೆಸ್ತಾ ಈ ಕಾಲಲ್ಲಿ ಏನೋ ನಂಬರ್ ಇದೆಯಲ್ಲೇ ಅಂದಾಗ ನನಗೆ ಎದೆ ಧಸಕ್ ಅಂತು. ನಂಬರ್ ಹಾಕಿ ನೋಡಿದ್ರೆ ಅದರ ಒಡತಿ ಒಬ್ಬಳು ಶಾಲೆ ಹುಡುಗಿ, ಕರಡಿ ಸಮುದ್ರ ನೋಡ್ಬೇಕು ಅಂತ ಬರೆದಿದ್ಲು, ಒಂದೂವರೆ ವರ್ಷದಿಂದ ಅದು ಎಲ್ಲಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಕ್ಷಮೆ ಕೇಳಿ ಬರೆದೆ, ಶೋಕೇಸ್ ಫೋಟೋ ಕಳಿಸಿದೆ, ಅವಳ ತಾಯಿ ಬಹಳ ಒಳ್ಳೇ ಮಾತಲ್ಲಿ ಉತ್ತರ ಬರೆದ್ರು, ಮುಂದಿನ ಸಲ ಅಮ್ಮ ಬಂದಾಗ ಕರಡಿನೂ ಬಂತು, ನಾವು ಓರೆಗಾನ್ ಕಡಲತೀರದ ಒಂದು ಡಬ್ಬಿಗೆ ಅದನ್ನ ಮುಟ್ಟಿಸಿದ್ವಿ. ಅದಕ್ಕೇ ಊರಲ್ಲಿರೋರಿಗೆ ಕೇಳ್ಕೊಳ್ಳೋದು, ಮೊಮ್ಮಕ್ಕಳು ಬಿಟ್ಟು ಹೋದ ಆಟಿಕೆಯಲ್ಲಿ ನಂಬರ್ ಕೆತ್ತಿದ ಲೋಹದ ಬಿಲ್ಲೆ ಏನಾದ್ರೂ ಇದ್ರೆ ದಯವಿಟ್ಟು ತಿಳಿಸಿ, ಅದಕ್ಕೆ ಎಲ್ಲೋ ಒಬ್ಬರು ಕಾಯ್ತಿರ್ತಾರೆ.

ಇನ್ನು ಊರಿಂದ ಕಳಿಸೋ ವಸ್ತುಗಳ ವಿಷಯ, ಇದನ್ನ ಅಜ್ಜಿಯರು ಸ್ವಲ್ಪ ಗಮನ ಇಟ್ಟು ಓದ್ಬೇಕು. ಗಾಜಿನ ಬಳೆ ಬೇಡ. ಯಾರೋ ನಮ್ಮವರೇ ಇರ್ಬೇಕು, ಹಸಿರು ಬಳೆ ಒಂದು ಡಜನ್ ದಾರ ಕಟ್ಟಿ ಇಟ್ಟಿದ್ರು, ಡಬ್ಬಿ ಎತ್ತಿ ಇಳಿಸೋವಾಗ ಒಡೆದು ಚೂರಾಗಿತ್ತು, ನಾನು ಕೈ ಹಾಕಿದ್ದಕ್ಕೆ ಆಯ್ತು, ಮಗು ಕೈ ಹಾಕಿದ್ರೆ ಏನ್ ಗತಿ. ಕುಂಕುಮದ ಪೊಟ್ಟಣ ಬೇಡ, ಒದ್ದೆಗೆ ಒಡೆದು ಎಲ್ಲದಕ್ಕೂ ಬಣ್ಣ ಹತ್ತುತ್ತೆ. ದೇವರ ಫೋಟೋ, ಪುಟ್ಟ ವಿಗ್ರಹ ದಯವಿಟ್ಟು ಬೇಡ. ಬೇರೆ ಧರ್ಮದ ಕರಪತ್ರ ಡಬ್ಬಿಯಲ್ಲಿ ಸಿಕ್ಕಿದಾಗ ನಮಗೆ ಇದು ಜಾಗ ಅಲ್ಲ ಅನ್ಸುತ್ತೆ, ಅದೇ ನ್ಯಾಯ ನಮಗೂ. ಅದಕ್ಕಿಂತ ಹೆಚ್ಚಾಗಿ, ಗೊತ್ತಿಲ್ಲದವರಿಗೆ ಅದು ಒಂದು ಪ್ಲಾಸ್ಟಿಕ್ ಗೊಂಬೆ ಅಷ್ಟೇ, ಒದ್ದೆ ಆದ ಮೇಲೆ ಕಸಕ್ಕೆ ಹೋಗುತ್ತೆ, ಒಂದ್ಸಲ ನಾನು ಮುರಿದ ಡಬ್ಬಿ ಪಕ್ಕ ಕೆಸರಲ್ಲಿ ಗಣಪತಿ ನೋಡಿದೀನಿ, ತೊಳೆದು ಮನೆಗೆ ತಂದೆ, ಆ ದಿನ ಪೂರ್ತಿ ಮನಸ್ಸಿಗೆ ಸಮಾಧಾನ ಇರಲಿಲ್ಲ.

ಎಲ್ಲಕ್ಕಿಂತ ಮುಖ್ಯವಾದ್ದು ಗುಲಗಂಜಿ. ಕೆಂಪು ಕಪ್ಪು ನೋಡೋಕೆ ಎಷ್ಟು ಮುದ್ದಾಗಿರುತ್ತೆ, ಚಿನ್ನ ತೂಗ್ತಿದ್ದ ಕಾಳು, ಅಳಿಗುಳಿ ಮಣೆ ಆಡ್ತಿದ್ದ ಕಾಳು, ನಮ್ಮ ಸಂಸ್ಕೃತಿ ಅಂತ ಪುಟ್ಟ ಬಾಟಲಲ್ಲಿ ತುಂಬಿ ಹೆಸರು ಅಂಟಿಸಿ ಒಬ್ಬರು ಬಿಟ್ಟಿದ್ದನ್ನ ಹೋದ ವರ್ಷ ನೋಡಿದೆ, ತಕ್ಷಣ ತೆಗೆದುಬಿಟ್ಟೆ. ಗುಲಗಂಜಿ ಒಳಗೆ ಇರೋದು ಭಯಂಕರ ವಿಷ, ಇಡೀ ಕಾಳು ನುಂಗಿದ್ರೆ ಸಿಪ್ಪೆ ಗಟ್ಟಿ ಇರೋದ್ರಿಂದ ಕೆಲವೊಮ್ಮೆ ಹಾಗೇ ಹೊರಗೆ ಹೋಗ್ಬಹುದು, ಕಚ್ಚಿ ಅಗಿದ್ರೆ ಅಥವಾ ದಾರ ಪೋಣಿಸೋಕೆ ತೂತು ಮಾಡಿದ್ರೆ ಒಳಗಿನ ವಿಷ ಹೊರಗೆ ಬರುತ್ತೆ, ಮಗುವಿನ ಪ್ರಾಣಕ್ಕೇ ಅಪಾಯ. ನಮ್ಮ ಮಕ್ಕಳಿಗೆ ಅಜ್ಜಿ ಬಾಯಿಗೆ ಹಾಕ್ಬೇಡ ಅಂತ ಹೇಳ್ತಾ ಪಕ್ಕದಲ್ಲಿ ಕೂತಿರ್ತಾರೆ, ಕಾಡಿನ ಡಬ್ಬಿ ಪಕ್ಕ ಯಾರೂ ಕೂತಿರಲ್ಲ. ಜೊತೆಗೆ ಯಾವುದೇ ಬೀಜ ಕಾಳನ್ನ ಹೇಳದೇ ಕೇಳದೇ ಈ ದೇಶಕ್ಕೆ ತರೋ ಹಾಗೂ ಇಲ್ಲ, ಏರ್‌ಪೋರ್ಟಲ್ಲೇ ತೊಂದರೆ ಆಗುತ್ತೆ.

ಹಾಗಾದ್ರೆ ಏನು ಕಳಿಸೋದು ಅಂತ ಕೇಳ್ತೀರಿ. ನಾನು ಗಂಧದಕಡ್ಡಿ ಬಿಟ್ಟ ಮೇಲೆ ಚನ್ನಪಟ್ಟಣದ ಬುಗುರಿಗೆ ಬಂದೆ, ಹೆಬ್ಬೆರಳಷ್ಟು ದೊಡ್ಡದು, ಕಡ್ಡಿ ಹಿಡಿದು ತಿರುಗಿಸಿದ್ರೆ ತಿರುಗೋದು. ಹಾಲೆಮರದಲ್ಲಿ ಕಡೆದು ತಿರುಗ್ತಿರೋವಾಗಲೇ ಬಣ್ಣದ ಅರಗು ಒತ್ತಿ ಮಾಡಿರ್ತಾರೆ, ವಾಸನೆ ಇಲ್ಲ, ಚೂಪಿಲ್ಲ. ಬುಡದಲ್ಲಿ ಸಣ್ಣಕ್ಕೆ ನನ್ನ ಆಟದ ಹೆಸರು ಬರೀತೀನಿ, ಮೇಲೆ ಬರೆಯಲ್ಲ, ನೋಡಿದ ತಕ್ಷಣ ಅದು ಬುಗುರಿ ಅನ್ಸ್ಬೇಕು, ತಿರುಗಿಸಿ ನೋಡಿದ ಮೇಲೆ ಯಾರು ಇಟ್ಟಿದ್ದು ಅಂತ ಗೊತ್ತಾದ್ರೆ ಸಾಕು. ಮರಕ್ಕೆ ಮಾತ್ರ ನೀರು ತಾಗಬಾರದು, ಇಲ್ಲಿ ಅಕ್ಟೋಬರಿಂದ ಮೇವರೆಗೂ ಮಳೆ ಜಿನುಗ್ತಾನೇ ಇರುತ್ತೆ, ಅದಕ್ಕೆ ಜಿಪ್ ಇರೋ ಪುಟ್ಟ ಕವರಲ್ಲಿ ಹಾಕಿ ಇಡ್ತೀನಿ. ಒಂದು ಸಲ ಒಂದು ಡಬ್ಬಿ ಹತ್ರ ನಾವು ಹೋಗೋ ಹೊತ್ತಿಗೆ ಇನ್ನೊಂದು ಮನೆಯವರು ತೆರೆದು ಕೂತಿದ್ರು, ನಾನು ಹಿಂದಿನ ತಿಂಗಳು ಇಟ್ಟಿದ್ದ ಬುಗುರಿನ ಒಂದು ಪುಟ್ಟ ಹುಡುಗಿ ಬಂಡೆ ಮೇಲೆ ತಿರುಗಿಸ್ತಿದ್ಲು, ಕೆಂಪು ಹಳದಿ ಸೇರಿ ಕಿತ್ತಳೆ ಆಗೋದನ್ನ ನೋಡಿ ಮತ್ತೆ ಮತ್ತೆ ತಿರುಗಿಸ್ತಿದ್ಲು. ನಾನು ಇಟ್ಟಿದ್ದು ಅಂತ ಹೇಳಲಿಲ್ಲ.

ದುಡ್ಡು ಖರ್ಚು ಮಾಡ್ಲೇಬೇಕು ಅಂತಿಲ್ಲ. ಹಳೇ ಅಲ್ಯೂಮಿನಿಯಂ ಪೈಸೆಗಳು ನಿಮ್ಮ ಮನೇಲಿ ಎಲ್ಲಾದ್ರೂ ಇರ್ತವೆ, ಹೂವಿನ ಅಂಚಿನ 10 ಪೈಸೆ, ಚೌಕದ 5 ಪೈಸೆ. 2011ರ ಜೂನ್ 30ರಿಂದ 25 ಪೈಸೆ ಮತ್ತು ಅದಕ್ಕಿಂತ ಕಮ್ಮಿಯ ನಾಣ್ಯ ಚಲಾವಣೆಯಲ್ಲಿಲ್ಲ, ಅಂಗಡಿಯಲ್ಲಿ ತಗೊಳ್ಳಲ್ಲ, ಆದ್ರೆ ಇಲ್ಲಿನ ಮಕ್ಕಳು ದುಂಡಗಿಲ್ಲದ ನಾಣ್ಯ ನೋಡಿದ್ದೇ ಇಲ್ಲ, ಅಂಗೈ ಮೇಲೆ ಇಟ್ಟುಕೊಂಡು ಭಾರವೇ ಇಲ್ವಲ್ಲ ಅಂತಾರೆ. ತುಕ್ಕು ಹಿಡಿಯಲ್ಲ, ಒಡೆಯಲ್ಲ, ಜಾಗ ತಿನ್ನಲ್ಲ. ಇಳಕಲ್ ಸೀರೆ ತುಂಡಲ್ಲಿ ಹೊಲಿದ ಪುಟ್ಟ ಚೀಲ, ಕಸೂತಿ ಹಾಕಿದ ಬುಕ್‌ಮಾರ್ಕ್ ಕೂಡ ಚೆನ್ನಾಗಿರುತ್ತೆ, ಅದನ್ನೂ ಕವರಲ್ಲಿ ಹಾಕಿ.

ಡಬ್ಬಿ ಸೈಜ್ ನೋಡಿ ಇಡಿ. ಕೆಲವು ಡಬ್ಬಿ ಅಂಗಿ ಗುಂಡಿಯಷ್ಟೇ ಇರ್ತವೆ, ಅದರಲ್ಲಿ ಸುರುಳಿ ಸುತ್ತಿದ ಕಾಗದ ಬಿಟ್ರೆ ಏನೂ ಹಿಡಿಯಲ್ಲ, ಅಲ್ಲಿ ಹೆಸರು ಬರೆದು ಬನ್ನಿ ಅಷ್ಟೇ, ಹೆಸರಿನ ದೊಡ್ಡ ಸ್ಟಿಕರ್ ಅಂಟಿಸಿದ್ರೆ ಹತ್ತು ಜನ ಬರೆಯೋ ಜಾಗ ನೀವೊಬ್ಬರೇ ತಿಂದ ಹಾಗೆ. ಹಳೇ ಕ್ಯಾಮೆರಾ ರೀಲ್ ಡಬ್ಬಿಯಂಥದ್ದರಲ್ಲಿ ಒತ್ತಿ ತುರುಕಿ ಲಾಗ್ ಹರಿದು ಹೋಗೋ ಹಾಗೆ ಮಾಡ್ಬೇಡಿ. ಮಿಲಿಟರಿಯವರ ಹಳೇ ಗುಂಡಿನ ಪೆಟ್ಟಿಗೆ ಅಂತ ಕಬ್ಬಿಣದ್ದು ಸಿಗುತ್ತೆ, ರಬ್ಬರ್ ಪಟ್ಟಿ ಇರೋದ್ರಿಂದ ನೀರು ಹೋಗಲ್ಲ, ಬಿಲ್ಲೆ ಬುಗುರಿ ಎಲ್ಲಕ್ಕೂ ಅದೇ ಸರಿಯಾದ ಮನೆ. ಒಂದು ಡಬ್ಬಿಗೆ ಒಂದೇ ಇಡಿ, ಮನೇಲಿ ನಾಲ್ಕು ಜನ ಇದ್ರೆ ನಾಲ್ಕು ಬೇಡ. ಯಾರದ್ದಾದ್ರೂ ಚಂದದ ಬಿಲ್ಲೆ ನೀವು ತಗೊಂಡ್ರೆ ಆ್ಯಪಲ್ಲಿ ಅವರ ಹೆಸರು ಹೇಳಿ ಒಂದು ಸಾಲು ಬರೀರಿ, ಇಟ್ಟೋರಿಗೆ ಅದಕ್ಕಿಂತ ದೊಡ್ಡ ಸಂತೋಷ ಬೇರೆ ಇಲ್ಲ. ಆದ್ರೆ ಒಂದೇ ತರದ್ದು ಐದಿದ್ರೆ ಐದೂ ಎತ್ಕೋಬೇಡಿ, ಮೊದಲು ಹುಡುಕಿದೋರಿಗೆ ಅಂತ ಬರೆದಿಟ್ಟಿರೋದನ್ನ ಎರಡನೆಯವರಾಗಿ ಹೋಗಿ ತಗೋಬೇಡಿ. ಅಂಗಡಿ ಜಾಹೀರಾತಿನ ಕಾರ್ಡಂತೂ ಯಾವ ಡಬ್ಬಿಗೂ ಬೇಡ.

ಕೊಳೆತಿದ್ದು, ಒದ್ದೆ ಕಾರ್ಡು, ತುಕ್ಕು ಹಿಡಿದ ಪಿನ್ನು ಕಂಡ್ರೆ ತೆಗೆದು ನಿಮ್ಮ ಕವರಿಗೆ ಹಾಕ್ಕೊಂಡು ಬನ್ನಿ, ಅದು ಯಾರ ಸಿಗ್ನೇಚರ್ ಆಗಿದ್ರೂ ಪರವಾಗಿಲ್ಲ, ನನ್ನದಾಗಿದ್ರೂ ಸರಿ. ಹೋಗೋವಾಗ ಡಬ್ಬಿ ಹುಡುಕು ಬರೋವಾಗ ಕಸ ಎತ್ತು ಅನ್ನೋ ಪದ್ಧತಿ ಈ ಆಟದಲ್ಲಿ 2002ರಿಂದ ಇದೆ. ಲ್ಯಾಮಿನೇಟ್ ಮಾಡಿದ್ರೆ ಕಾಗದ ಉಳಿಯುತ್ತೆ ಅಂತ ಬಹಳ ಜನ ನಂಬಿದಾರೆ, ಅಂಚನ್ನ ಕಾಗದಕ್ಕೇ ಕತ್ತರಿಸಿದ್ರೆ ನೀರು ಪಕ್ಕದಿಂದ ಒಳಗೆ ಹೋಗಿ ಆರು ತಿಂಗಳಲ್ಲಿ ಬೂಷ್ಟು ಬರುತ್ತೆ, ಸುತ್ತ ಪ್ಲಾಸ್ಟಿಕ್ ಅಂಚು ಬಿಟ್ಟು ಕತ್ತರಿಸಬೇಕು.

ಬೆಂಗಳೂರಲ್ಲಿ ಆಡೋ ಹುಡುಗ ಹುಡುಗಿಯರಿಗೆ ಒಂದು ಮಾತು. ನಮ್ಮಲ್ಲಿ ವಾರಸುದಾರರಿಲ್ಲದ ಡಬ್ಬಿ ಅಂದ್ರೆ ಪೊಲೀಸರು ಬರ್ತಾರೆ, ಬರಲೇಬೇಕು, ಅವರ ಕೆಲಸ ಅದು, ಹೊರದೇಶಗಳಲ್ಲೂ ಬಾಂಬ್ ಸ್ಕ್ವಾಡ್ ಬಂದು ಇಂಥ ಡಬ್ಬಿ ಒಡೆದುಹಾಕಿರೋದು ಇದೆ. ಅದಕ್ಕೆ ವೈರು, ಬ್ಯಾಟರಿ, ಮಿಣುಕು ಲೈಟ್ ಇರೋ ಅಂಥ ಸಿಗ್ನೇಚರ್ ಐಟಂ ಮಾಡ್ಬೇಡಿ, ಮೆಟ್ರೋ, ದೇವಸ್ಥಾನ, ಶಾಲೆ ಹತ್ರ ಡಬ್ಬಿ ಇಡ್ಬೇಡಿ, ಜಾಗದ ಯಜಮಾನರನ್ನ ಕೇಳದೇ ಎಲ್ಲೂ ಇಡ್ಬೇಡಿ, ಡಬ್ಬಿ ಮೇಲೆ ಇದು ಆಟದ ಡಬ್ಬಿ ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೀರಿ. ಅಭಯಾರಣ್ಯದ ಒಳಗೆ ಪ್ಲಾಸ್ಟಿಕ್ ತಗೊಂಡು ಹೋಗೋ ಯೋಚನೆನೂ ಬೇಡ. ಬೆಟ್ಟದಲ್ಲಿ ಕೋತಿಗಳು ನಾವು ಏನು ಇಡ್ತೀವಿ ಅಂತ ಮೇಲಿಂದ ನೋಡ್ತಾ ಕೂತಿರ್ತಾವೆ, ಹೊಳೆಯೋ ವಸ್ತು ಕಂಡ್ರೆ ಕಿತ್ಕೊಂಡು ಹೋಗಿ ಬಾಯಿಗೆ ಹಾಕ್ಕೊಳ್ತಾವೆ, ಅವುಗಳ ಹೊಟ್ಟೆಗೆ ನಮ್ಮ ಹೆಸರಿನ ಬಿಲ್ಲೆ ಹೋಗೋದು ಬೇಡ.

ಜೂನಲ್ಲಿ ನಮ್ಮಮ್ಮ ಬರ್ತಿದಾರೆ. ಅಪ್ಪ ತೀರ್ಕೊಂಡ ಮೇಲೆ ಅವರ ಟ್ರಂಕಲ್ಲಿ ಒಂದು ಹಾರ್ಲಿಕ್ಸ್ ಬಾಟಲ್ ಸಿಕ್ತಂತೆ, ತುಂಬಾ 10 ಪೈಸೆ, ಅಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೀತಿದ್ದಾಗ ಚಿಲ್ಲರೆ ಕೂಡಿಟ್ಟಿದ್ದು. ನೂರಾ ಹದಿನಾರು ಇದೆ ಅಂತ ಅಮ್ಮ ಎಣಿಸಿ ಹೇಳಿದ್ರು, ನೀನು ಹೇಳೋ ಕಾಡಲ್ಲಿ ಅಷ್ಟು ಡಬ್ಬಿ ಇದೆಯಾ, ಒಂದೊಂದಕ್ಕೆ ಒಂದೊಂದು ಹಾಕೋಣ, ನಾನೇ ನಡ್ಕೊಂಡು ಬಂದು ಹಾಕ್ತೀನಿ ಅಂದ್ರು. ಇದೆ ಅಮ್ಮ, ಬಾ ಅಂದಿದೀನಿ.

ಇಂತಿ,
ನಿಮ್ಮ ಓದುಗಳೊಬ್ಬಳು
ಪೋರ್ಟ್‌ಲ್ಯಾಂಡ್, ಓರೆಗಾನ್